ರಾಕ್‌ಫಿಶ್ ಇರಲಿ, ಮುರು ಇರಲಿ, ಬೇರೆ ಬೇರೆ ಬರೆದುಕೊಳ್ಳಿ

"ವಿಜ್ಞಾನಿಗಳಿಗೆ ಬೇರೆ ಕೆಲಸ ಇಲ್ಲ ಮಾರಾಯ್ರೆ, ಒಂದೇ ಮೀನನ್ನು ಎರಡು ಮಾಡಿ ಎರಡು ಹೆಸರು ಇಡ್ತಾರೆ" ಅಂತ ಮಲ್ಪೆಯ ಗೆಳೆಯರೊಬ್ಬರು ಗೇಲಿ ಮಾಡಿದರು. ನನಗೆ ಈ ಮಾತು ಒಪ್ಪಿಗೆ ಇಲ್ಲ. ಯಾಕೆ ಅಂತ ಹೇಳಲು ನಮ್ಮ ಕಡಲಲ್ಲಿ ಸಿಗದ ಮೀನೊಂದರ ಕತೆ ಬೇಕು.

ರಾಕ್‌ಫಿಶ್‌ಗಳು ಹೆಚ್ಚಾಗಿ ಉತ್ತರ ಪೆಸಿಫಿಕ್‌ನವು. ಸೆಬಾಸ್ಟಿಸ್ ಅನ್ನುವ ಕುಲ, ನೂರಕ್ಕೂ ಜಾಸ್ತಿ ಜಾತಿಗಳು. ಕುಲಕ್ಕೆ ಹೆಸರಿಟ್ಟವರು ಫ್ರಾನ್ಸಿನ ಕುವಿಯೆ, 1829ರಲ್ಲಿ. (ನಮ್ಮ ಬಂಗುಡೆಗೆ ಶಾಸ್ತ್ರದ ಹೆಸರು ಕೊಟ್ಟದ್ದೂ ಇವರೇ. ಅದರಲ್ಲಿರುವ 'ಕನಗುರ್ತ' ತೆಲುಗಿನದ್ದು. ನಮಗೆ ತುಸು ಹೊಟ್ಟೆಕಿಚ್ಚು ಆಗಬೇಕಾದ್ದೇ!)

ಇವುಗಳಲ್ಲಿ ರಫ್‌ಐ ಅನ್ನುವುದೊಂದು ಆಳದಲ್ಲಿ ಬದುಕುವ ಕೆಂಪು ಮೀನು. ಕಿವಿಯೊಳಗಿನ ಕಲ್ಲನ್ನು ಕತ್ತರಿಸಿ, ಅದರ ಗೆರೆ ಎಣಿಸಿ ವಯಸ್ಸು ಹೇಳುತ್ತಾರೆ. 205 ವರ್ಷದ ಲೆಕ್ಕ ಸಿಕ್ಕಿದೆ. ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅದಕ್ಕಿಂತ ಮೊದಲು ಹುಟ್ಟಿದ ಮೀನು ಇವತ್ತೂ ಅಲ್ಲಿ ಈಜುತ್ತಿರಬಹುದು.

ಇದೇ ರಫ್‌ಐ 2008ರಲ್ಲಿ ಎರಡಾಯಿತು. ಜೀನ್ ನೋಡಿದರೆ ಬೇರೆ, ಬೆನ್ನಿನ ರೆಕ್ಕೆಯ ಕಪ್ಪು ಚುಕ್ಕೆ ನೋಡಿದರೂ ಬೇರೆ. ಎರಡನೆಯದು ಬ್ಲ್ಯಾಕ್‌ಸ್ಪಾಟೆಡ್. ತಮಾಷೆ ಅಂದ್ರೆ ಜಪಾನಿನ ಮತ್ಸುಬಾರ 1934ರಲ್ಲೇ ಅದಕ್ಕೆ ಹೆಸರಿಟ್ಟಿದ್ದರು. ಆಮೇಲೆ ಎರಡೂ ಒಂದೇ ಅಂತ ಆ ಹೆಸರನ್ನು ಬದಿಗಿಟ್ಟಿದ್ದರು.

ಇದು ಸುಮ್ನೆ ಪಂಡಿತರ ಜಗಳ ಅಲ್ಲ. ಇಷ್ಟು ನಿಧಾನಕ್ಕೆ ಬೆಳೆಯುವ ಎರಡು ಮೀನನ್ನು ಒಂದೇ ಲೆಕ್ಕದಲ್ಲಿ ಬರೆದರೆ, ಅಪರೂಪದ್ದು ಖಾಲಿಯಾಗುತ್ತಾ ಬಂದರೂ ಒಟ್ಟು ಮೊತ್ತ ಚೆನ್ನಾಗಿಯೇ ಕಾಣುತ್ತದೆ. ತಪ್ಪಿ ಬಿದ್ದದ್ದನ್ನು ವಾಪಸ್ ಬಿಡೋಣ ಅಂದರೆ ಅದೂ ಕಷ್ಟ. ಆಳದಿಂದ ಮೇಲೆ ಬರುವಾಗ ಹೊಟ್ಟೆಯ ಗಾಳಿಚೀಲ ಉಬ್ಬಿ, ಜಠರ ಬಾಯಿಂದ ಹೊರಗೆ ಬಂದಿರುತ್ತದೆ. ಅಲಾಸ್ಕಾದಲ್ಲಿ ಇವತ್ತಿಗೂ ಈ ಎರಡಕ್ಕೂ ಸೇರಿಸಿಯೇ ಮಿತಿ ಹಾಕುತ್ತಾರೆ, ಯಾಕೆಂದರೆ ಬೋಟಿನ ಮೇಲೆ ಗುರುತು ಹಿಡಿಯುವುದು ಸುಲಭ ಅಲ್ಲ.

ಈಗ ನಮ್ಮ ಬಂದರಿಗೆ ಬನ್ನಿ. ಮುರು ಅಂತ ನಾವು ತಿನ್ನುವುದು ಒಂದೇ ಮೀನಾ? ಅಲ್ಲ. ಎಪಿನೆಫೆಲಸ್ ಕುಲದ ಹಲವು ಜಾತಿಗಳಿಗೆ ಅದೊಂದೇ ಹೆಸರು. ಇವು ಸಾಮಾನ್ಯವಾಗಿ ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಗಂಡಾಗುತ್ತವೆ. ದೊಡ್ಡದನ್ನೇ ಆರಿಸಿ ಹಿಡಿದರೆ ಗಂಡುಗಳೇ ಕಮ್ಮಿ. ಸಣ್ಣ ಮರಿಗಳು ಟ್ರಾಲ್ ಬಲೆಗೆ ಬಿದ್ದರೆ ಆ ಕತೆ ಅಲ್ಲಿಗೇ ಮುಗಿಯಿತು. ಯಾವ ಜಾತಿ ಎಷ್ಟು ಉದ್ದಕ್ಕೆ ಬದಲಾಗುತ್ತದೆ ಅನ್ನುವುದೂ ಒಂದೇ ಅಲ್ಲ. ಮಂಗಳೂರಿನ ಸಿಎಂಎಫ್‌ಆರ್‌ಐ (ಕೇಂದ್ರ ಸರ್ಕಾರದ ಕಡಲ ಮೀನು ಸಂಶೋಧನಾ ಸಂಸ್ಥೆ) ಕೇಂದ್ರದವರು ಜಾತಿ ನೋಡಿ ಬರೆದುಕೊಳ್ಳುತ್ತಾರೆ. ಏಲಂನಲ್ಲಿ ಮಾತ್ರ ಎಲ್ಲವೂ ಬರೀ ಮುರು.

ಸಿಗಡಿಗೆ ಕಿಲೋಗೆ ಎಷ್ಟು ಬರುತ್ತದೆ ಅಂತ ಎಣಿಸಿ ದರ ಕಟ್ಟುವವರು ನಾವು. ಮುರುವನ್ನು ಎರಡು ಮೂರು ರಾಶಿ ಮಾಡಲಾಗದೇ? ಮೀನು ವಿಂಗಡಿಸುವ ಹೆಂಗಸರಿಗೆ ಒಂದು ಚುಕ್ಕೆ, ಒಂದು ಪಟ್ಟೆ ತೋರಿಸಿದರೆ ಸಾಕು, ನನಗಿಂತ ಬೇಗ ಬೇರೆ ಮಾಡುತ್ತಾರೆ. ಆ ಹೆಚ್ಚಿನ ಕೆಲಸಕ್ಕೆ ಕೂಲಿ ಕೊಡುವವರು ಬೋಟಿನವರೋ, ಇಲಾಖೆಯೋ ಅನ್ನುವುದು ಮೊದಲು ತೀರ್ಮಾನ ಆಗಬೇಕು.