ಭೂತಗನ್ನಡಿ ಎಲ್ಲಿಟ್ಟೆ?

ಹಳೆಯ ಕಿರುಪುಸ್ತಕ ಕೂಡಿಡುವ ಹುಚ್ಚು ಹತ್ತಿದವರ ಮನೆಯಲ್ಲಿ ಜೋರಾಗಿ ಸೀನುವಂತಿಲ್ಲ. ದಿನಪತ್ರಿಕೆಯನ್ನೂ ಕೊಡವುವಂತಿಲ್ಲ. ಮೊನ್ನೆ ನೆಂಟರೊಬ್ಬರು ಮೇಜಿನ ಮೇಲಿದ್ದ ಪೇಪರ್ ಎತ್ತಿ ಕೊಡವಿದರು ನೋಡಿ, ಅದರಡಿ ಇದ್ದ ಪುಸ್ತಕ ಮಾಯ! ಮನೆಮಂದಿಯೆಲ್ಲ ನೆಲಕ್ಕೆ ಕೆನ್ನೆ ಹಚ್ಚಿ ಹುಡುಕಿದೆವು. ಸಂಜೆ ನೆಂಟರು ಅವರ ಮನೆಯಿಂದ ಫೋನ್ ಮಾಡಿದರು. ಪುಸ್ತಕ ಅವರ ಪ್ಯಾಂಟಿನ ಮಡಿಕೆಯಲ್ಲಿ ಸುಖವಾಗಿ ಕೂತಿತ್ತಂತೆ.

ಕಿರುಪುಸ್ತಕ ಅನ್ನಿಸಿಕೊಳ್ಳಬೇಕಾದರೆ ಎತ್ತರ, ಅಗಲ, ದಪ್ಪ ಯಾವುದೂ 3 ಇಂಚು ಮೀರಬಾರದು ಎನ್ನುವುದು ಅಮೆರಿಕದ ಸಂಗ್ರಾಹಕರ ಲೆಕ್ಕ. ಬೇರೆ ಕಡೆ 4 ಇಂಚಿನವರೆಗೂ ಬಿಡುತ್ತಾರೆ. ಆದರೆ ಹುಚ್ಚು ಹತ್ತಿದ ಮೇಲೆ 3 ಇಂಚಿನದು ಗೋಡೆಯಷ್ಟು ದೊಡ್ಡದಾಗಿ ಕಾಣುತ್ತದೆ.

ಗ್ಲಾಸ್ಗೋದ ಪ್ರಕಾಶಕ ಡೇವಿಡ್ ಬ್ರೈಸ್ ಇದ್ದನಲ್ಲ, ನಮ್ಮಂಥವರನ್ನು ಹಾಳು ಮಾಡಿದ್ದು ಅವನೇ. 19ನೇ ಶತಮಾನದ ಕೊನೆಗೆ ದೊಡ್ಡ ಪುಸ್ತಕಗಳ ಪುಟಗಳ ಫೋಟೋ ತೆಗೆದು, ಕುಗ್ಗಿಸಿ, ತೆಳು ಕಾಗದದ ಮೇಲೆ ಅಚ್ಚು ಹಾಕಿಸಿದ. ಜೊತೆಗೊಂದು ಲೋಹದ ಡಬ್ಬಿ, ಅದರ ಮುಚ್ಚಳದಲ್ಲೇ ಭೂತಗನ್ನಡಿ. ಅಂಥದ್ದೊಂದು ನಿಘಂಟನ್ನು ಗೆಳೆಯನಿಗೆ ತೋರಿಸಿದೆ. "ಮಾತ್ರೆ ಡಬ್ಬಿ ಚೆನ್ನಾಗಿದೆ ಕಣೋ" ಅಂದ. ರೋಷ ಬಂತು. ಯಾವ ಪದ ಬೇಕಾದರೂ ಕೇಳು, ಅರ್ಥ ಹುಡುಕಿ ಕೊಡ್ತೀನಿ ಅಂದೆ. ಒಂದು ಪುಟ ತಿರುವಿದರೆ ಹತ್ತು ಪುಟ ಒಟ್ಟಿಗೇ ಬರುತ್ತವೆ. ಚಿಮಟ ಹಿಡಿದೆ, ಉಸಿರು ಬಿಗಿಹಿಡಿದೆ. ಕೊನೆಗೂ ಪುಟ ಸಿಕ್ಕಿತು. ಅಷ್ಟರಲ್ಲಿ ಅವನು ಕೇಳಿದ ಪದ ಯಾವುದು ಅನ್ನೋದು ಇಬ್ಬರಿಗೂ ಮರೆತುಹೋಗಿತ್ತು!

ಬ್ರೈಸನಿಗೆ ಕ್ಯಾಮೆರಾ ಇತ್ತು. ಇಟಲಿಯ ಪಾಡುವಾ ಊರಿನ ಮುದ್ರಕರು ಸಾಲ್ಮಿನ್ ಸಹೋದರರ ಕೆಲಸ ಪಾಪ, ಕೈಯಲ್ಲೇ. 1878ರಲ್ಲಿ ಡಾಂಟೆಯ ಮಹಾಕಾವ್ಯವನ್ನು 'ನೊಣದ ಕಣ್ಣು' ಎಂಬ ಹೆಸರಿನ ಅಚ್ಚುಮೊಳೆಗಳಲ್ಲಿ ಜೋಡಿಸಿ ಮುದ್ರಿಸಿದರು. ಮೊಳೆ ಜೋಡಿಸಿದವನ ಕಣ್ಣೂ ಕರಡು ತಿದ್ದಿದವನ ಕಣ್ಣೂ ಕೆಟ್ಟವು ಅಂತ ಹೇಳುತ್ತಾರೆ. ಅಷ್ಟಕ್ಕೆ ಬಿಟ್ಟರಾ? 1896ರಲ್ಲಿ ಗೆಲಿಲಿಯೋನ ಪತ್ರವೊಂದನ್ನು ಸುಮಾರು ಒಂದೂವರೆ ಸೆಂಟಿಮೀಟರ್ ಎತ್ತರದ ಪುಸ್ತಕ ಮಾಡಿದರು. ದೂರದ ಗುರುಗ್ರಹದ ಚಂದ್ರರನ್ನು ಕಂಡವನ ಮಾತು, ಕೈಯಲ್ಲಿ ಹಿಡಿದರೂ ಕಾಣದ ಹಾಗೆ!

ಜಾಣತನ ಅಂದರೆ ಇಂಗ್ಲಿಷ್ ಕಾದಂಬರಿಕಾರ್ತಿ ಷಾರ್ಲಟ್ ಬ್ರಾಂಟೆಯದು. ಚಿಕ್ಕವಳಿದ್ದಾಗ ತಮ್ಮನ ಆಟಿಕೆ ಸೈನಿಕರ ಅಳತೆಗೆ ಪತ್ರಿಕೆಗಳನ್ನು ಕೈಯಲ್ಲೇ ಬರೆದಳು. ಅಷ್ಟು ಚಿಕ್ಕ ಅಕ್ಷರ ದೊಡ್ಡವರ ಕಣ್ಣಿಗೆ ದಕ್ಕೀತೇ? 2019ರಲ್ಲಿ ಅವುಗಳಲ್ಲಿ ಒಂದು ಪ್ಯಾರಿಸ್ಸಿನ ಹರಾಜಿನಲ್ಲಿ 6 ಲಕ್ಷ ಯೂರೋಗೆ ಹೋಯಿತು. ಆ ಬೆಲೆ ಓದಲು ಮಾತ್ರ ನನಗೆ ಭೂತಗನ್ನಡಿ ಬೇಕಾಗಲಿಲ್ಲ.

ಸ್ಕಾಟ್‌ಲೆಂಡಿನ ಪೈಸ್ಲಿಯಲ್ಲಿ 1985ರಲ್ಲಿ ಅಚ್ಚಾದ ಒಂದು ಮಕ್ಕಳ ಪದ್ಯದ ಪುಸ್ತಕ ಇದೆ. ಉದ್ದ 1 ಮಿಲಿಮೀಟರ್, ಅಗಲವೂ ಅಷ್ಟೇ. ಪುಟ ತಿರುವಲು ಸೂಜಿ ಬೇಕು. ಮುದ್ರಿಸಿದ್ದು 85 ಪ್ರತಿ. ಒಂದಾದರೂ ಸಿಕ್ಕೀತೇ ಅಂತ ಆಸೆಯಿಂದ ಹೆಂಡತಿಗೆ ಹೇಳಿದೆ.

"ಸುಮ್ನೆ ಒಂದು ಖಾಲಿ ಡಬ್ಬಿ ತನ್ನಿ. ಒಳಗೆ ಪುಸ್ತಕ ಇದೆ ಅಂತ ನಾನೇ ಎಲ್ಲರಿಗೂ ಹೇಳ್ತೀನಿ" ಅಂದಳು.