ಇಪ್ಪತ್ತೊಂದನೆಯ ಹುರುಳಿಕಾಯಿ

ಡಲ್ಲಾಸಿನ ಮಗಳ ಮನೆಗೆ ಬಂದು ಮೂರು ತಿಂಗಳಾಯಿತು. ಇಲ್ಲಿ ನನಗೆ ಎರಡೇ ಕೆಲಸ. ಮಧ್ಯಾಹ್ನ ಮೊಮ್ಮಗನನ್ನು ಸ್ಕೂಲ್ ಬಸ್ಸಿನಿಂದ ಇಳಿಸಿಕೊಳ್ಳುವುದು, ಸಂಜೆ ಕಾಗದ ಕತ್ತರಿಸುವ ಯಂತ್ರಕ್ಕೆ ಅಡ್ಡ ಬಾರದೆ ಕೂತಿರುವುದು.

ಯಂತ್ರ ಬಂದದ್ದು ಉಳಿತಾಯದ ಲೆಕ್ಕದಲ್ಲಿ. ಹೋದ ವರ್ಷ ಗೌರಿ ಗಣೇಶಕ್ಕೆ ಮಂಟಪದ ಅಲಂಕಾರಕ್ಕೇ 40 ಡಾಲರ್ ಆಗಿತ್ತಂತೆ. "ಸುಮ್ನೆ ದುಡ್ಡು ದಂಡ ಅಪ್ಪ, ಈ ಸಲ ಎಲ್ಲಾ ಮನೇಲೇ ಮಾಡ್ಕೊಳ್ಳೋದು" ಅಂದಳು ಮಗಳು. ಹಾಗಾಗಿ 250 ಡಾಲರಿನ ಯಂತ್ರ ಬಂತು. ಅದರ ಬೆನ್ನಿಗೇ ಅಂಟಿನ ಚಾಪೆ, ಬ್ಲೇಡು, ಆ ಬ್ಲೇಡಿಗೆ ಬೇಜಾರಾಗದಿರಲಿ ಅಂತ ಇನ್ನೊಂದು ಬ್ಲೇಡು, ಬಣ್ಣಬಣ್ಣದ ವಿನೈಲ್ ಅನ್ನುವ ಅಂಟುಹಾಳೆಯ ಸುರುಳಿ, ಕತ್ತರಿಸಿದ ಚೂರು ಎಬ್ಬಿಸಲು ಹಲ್ಲಿನ ಡಾಕ್ಟರ ಹತ್ತಿರ ಇರುತ್ತದಲ್ಲ ಅಂಥದ್ದೇ ಒಂದು ಕೊಕ್ಕೆ, ಇವನ್ನೆಲ್ಲ ಇಡಲು ಒಂದು ಗೂಡು. ಗೂಡಿಗೆ ಜಾಗ ಸಾಲದೆ ನನ್ನ ಮಂಚ ಕಿಟಕಿಯ ಪಕ್ಕಕ್ಕೆ ಸರಿಯಿತು. ಒಟ್ಟು 360 ಡಾಲರ್. ಅಳಿಯಂದಿರು ಮನಸ್ಸಿನಲ್ಲೇ ಭಾಗಿಸಿ ಹೇಳಿದರು: "ಒಂಬತ್ತು ವರ್ಷ ಗಣಪತಿ ಕೂರಿಸಿದ್ರೆ ಅಸಲು ಬರುತ್ತೆ ಮಾವ. ಮಧ್ಯ ಚಾಪೆ ಬದಲಾಯಿಸಬಾರದು ಅಷ್ಟೆ."

ನಾವು ಹುಡುಗರಾಗಿದ್ದಾಗ ಆಗಸ್ಟ್ 15ಕ್ಕೆ ಮುಂಚಿನ ರಾತ್ರಿ ಶಾಲೆಯಲ್ಲಿ ಗ್ಲೇಜ್ ಪೇಪರ್ ಮಡಿಸಿ, ಮೇಷ್ಟ್ರ ಮನೆಯ ಕತ್ತರಿಯಲ್ಲಿ ಮೂಲೆ ಹಾರಿಸಿ, ಮೈದಾ ಅಂಟು ಕಾಯಿಸಿ ದಾರಕ್ಕೆ ಮೆತ್ತುತ್ತಿದ್ದೆವು. ಮೆತ್ತಿದ್ದಕ್ಕಿಂತ ತಿಂದ ಅಂಟೇ ಹೆಚ್ಚು. ಈ ಕತೆ ಶುರುವಾದರೆ ಮೊಮ್ಮಗ ಎದ್ದು ಹೋಗುತ್ತಾನೆ, ಆದ್ದರಿಂದ ಇಲ್ಲಿಗೇ ಬಿಟ್ಟೆ.

ಯಂತ್ರದ ನಡವಳಿಕೆ ನೋಡಬೇಕು. ಕಂಪ್ಯೂಟರಿನಲ್ಲಿ ಚಿತ್ರ ಕೊಟ್ಟರೆ ಕಾಗದವನ್ನು ಅದೇ ಆಕಾರಕ್ಕೆ ಕತ್ತರಿಸಿಕೊಡುತ್ತದೆ. ಹನ್ನೆರಡು ಅಂಗುಲದ ಚೌಕ ಚಾಪೆ, ಮೇಲೆಲ್ಲ ಅಂಟು. ಅದರ ಮೇಲೆ ಕಾಗದ ಮಲಗಿಸಿ ಬಾಯಿಗಿಟ್ಟರೆ ಉರುಳೆ ಅದನ್ನು ಒಳಗೆಳೆದುಕೊಳ್ಳುತ್ತದೆ, ಹೊರಗೆ ಬಿಡುತ್ತದೆ, ಮತ್ತೆ ಒಳಗೆಳೆದುಕೊಳ್ಳುತ್ತದೆ. ಬ್ಲೇಡು ಮಾತ್ರ ಎಡಕ್ಕೆ ಬಲಕ್ಕೆ ಓಡಾಡುತ್ತಿರುತ್ತದೆ. ಕತ್ತರಿಸಿ ಮುಗಿದ ಮೇಲೆ ಕಾಗದವನ್ನು ಚಾಪೆಯಿಂದ ಎತ್ತಬಾರದಂತೆ! ಮಗುಚಿ ಹಾಕಿ, ಚಾಪೆಯನ್ನೇ ಬಗ್ಗಿಸಿ ಕಾಗದದಿಂದ ಬಿಡಿಸಬೇಕಂತೆ. ನಾನು ತಿಳಿಯದೆ ಒಂದು ಕಮಲ ಎತ್ತಿದೆ, ಅದು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸುತ್ತಿಕೊಂಡಿತು. ಅಂದಿನಿಂದ ನನಗೆ ಚಾಪೆ ತೊಳೆಯುವ ಹುದ್ದೆ. ಪಾತ್ರೆ ಸೋಪು, ಉಗುರುಬೆಚ್ಚಗಿನ ನೀರು, ಮೆತ್ತನೆ ಬ್ರಷ್ಷು, ಆಮೇಲೆ ನೆರಳಲ್ಲಿ ಒಣಗಿಸುವುದು. ಹಾಗೆ ಮಾಡಿದರೆ ಹೋದ ಅಂಟು ಸ್ವಲ್ಪ ವಾಪಸು ಬರುತ್ತದೆ. ನನ್ನ ಮಂಡಿಗೂ ಇಷ್ಟು ಉಪಚಾರ ಆಗಿದ್ದರೆ ಚಾಮುಂಡಿ ಬೆಟ್ಟ ಹತ್ತುತ್ತಿದ್ದೆ.

ನಮ್ಮ ಮನೆಯ ಯಂತ್ರ ಯಾರದು ಅಂತ ಹೇಳುವುದಿಲ್ಲ, ಅದು ಮನೆ ಮಾತು. ಊರ ಮಾತು ಬೇರೆ ಇದೆ. ಈ ಧಂದೆಯ ದೊಡ್ಡ ಹೆಸರು ಕ್ರಿಕಟ್, ಯೂಟಾ ರಾಜ್ಯದ ಕಂಪನಿ. ಇಲ್ಲಿನವರು ಅದನ್ನು ಕ್ರಿಕೆಟ್ ಅಂತಲೇ ಕರೆಯುತ್ತಾರೆ. ಮಗಳ ಗೆಳತಿಯರು "ವೀಕೆಂಡ್ ಪೂರ್ತಿ ಕ್ರಿಕೆಟ್" ಅಂದಾಗ ನಾನು ಸ್ಕೋರ್ ಕೇಳಿ ಮರ್ಯಾದೆ ಕಳಕೊಂಡಿದ್ದೇನೆ.

ಕೋವಿಡ್ ಕಾಲದಲ್ಲಿ ಮನೆಯಲ್ಲಿ ಕೂತ ಅಮೆರಿಕ ಸಿಕ್ಕಿದ್ದನ್ನೆಲ್ಲ ಕತ್ತರಿಸಿತು. 2019ರಲ್ಲಿ ಸುಮಾರು 49 ಕೋಟಿ ಡಾಲರ್ ಇದ್ದ ಕಂಪನಿಯ ವಹಿವಾಟು 2020ರಲ್ಲಿ 96 ಕೋಟಿಯ ಹತ್ತಿರ ಹೋಯಿತು. ಇಷ್ಟು ಜನ ಉಳಿತಾಯ ಮಾಡುವುದನ್ನು ನೋಡಿ ಕಂಪನಿಗೆ ಸಂಕಟವಾಗಿರಬೇಕು. 2021ರ ಮಾರ್ಚಿನಲ್ಲಿ ಒಂದು ಪ್ರಕಟಣೆ ಬಂತು: ಇನ್ನು ಮುಂದೆ ನಿಮ್ಮ ಸ್ವಂತ ಚಿತ್ರಗಳನ್ನು ತಿಂಗಳಿಗೆ 20 ಮಾತ್ರ ನಮ್ಮ ತಂತ್ರಾಂಶಕ್ಕೆ ಏರಿಸಬಹುದು. ಅದಕ್ಕಿಂತ ಹೆಚ್ಚು ಬೇಕಾದವರು ತಿಂಗಳಿಗೆ 9.99 ಡಾಲರ್ ಚಂದಾ ಕಟ್ಟಿ.

ನಮ್ಮಾಕೆಗೆ ಇದನ್ನು ಅರ್ಥ ಮಾಡಿಸಲು ಈಳಿಗೆಮಣೆಯೇ ಬೇಕಾಯಿತು. ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ತಂದದ್ದು, ಈಗಲೂ ದಿನಾ ಅದರ ಮುಂದೆಯೇ ಕೂರುತ್ತಾಳೆ. "ನೋಡು, ಮಣೆ ನಿಂದು, ದುಡ್ಡು ಕೊಟ್ಟಾಗಿದೆ. ಹುರುಳಿಕಾಯಿ ನಿಂದು, ಹಿತ್ತಲಲ್ಲಿ ಬೆಳೆದದ್ದು. ತಿಂಗಳಿಗೆ ಇಪ್ಪತ್ತು ಕಾಯಿ ಹೆಚ್ಚಬಹುದು. ಇಪ್ಪತ್ತೊಂದನೇದಕ್ಕೆ ಕೈ ಹಾಕಿದ್ರೆ ಮಣೆ ಮಾರಿದ ಕಮ್ಮಾರ ಬಾಗಿಲು ತಟ್ತಾನೆ."

ಅವಳು ಯೋಚಿಸಿ ಕೇಳಿದಳು: "ಹೆಚ್ಚೋದಕ್ಕಾ, ಸೋಸೋದಕ್ಕೂನಾ?"

ಉಳಿತಾಯಸ್ಥರು ಎದ್ದು ನಿಂತರು. ವಿರೋಧದ ಮನವಿಗೆ ಹತ್ತಾರು ಸಾವಿರ ಸಹಿ ಬಿತ್ತು, ಯಂತ್ರವನ್ನೇ ಮೂಲೆಗೆ ಹಾಕುತ್ತೇವೆ ಅಂದವರೆಷ್ಟೋ ಜನ. ಒಂದು ವಾರದೊಳಗೆ ಕಂಪನಿಯ ಮುಖ್ಯಸ್ಥ ಆಶಿಶ್ ಅರೋರಾ ಕ್ಷಮೆ ಕೇಳಿ ಮಿತಿಯನ್ನು ವಾಪಸು ತೆಗೆದುಕೊಂಡರು. ಅದೇ ತಿಂಗಳ 25ರಂದು ಕಂಪನಿಯ ಷೇರು 20 ಡಾಲರ್ ಬೆಲೆಗೆ ನಾಸ್ಡಾಕ್ ಪೇಟೆಗೆ ಬಂತು. ಚಿತ್ರ 20, ಷೇರು 20. ಆ ಕಚೇರಿಯಲ್ಲಿ ಯಾರಿಗೋ ಆ ಸಂಖ್ಯೆ ದೇವರು ಕಂಡಂತೆ ಕಂಡಿರಬೇಕು.

ಚಂದಾ ಪದ್ಧತಿ ಹಾಗೇ ಇದೆ, ಕಂಪನಿ ಬರೆದಿಟ್ಟ ಚಿತ್ರಗಳಿಗೆ. ಕಟ್ಟುವವರು ಸಂತೋಷವಾಗಿ ಕಟ್ಟುತ್ತಿದ್ದಾರೆ. ಅಗ್ಗದ ಸರಕಿಗೆಂದು ಇವರೆಲ್ಲ ಮುಗಿಬೀಳುವ ಡಾಲರ್ ಟ್ರೀ ಅಂಗಡಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಯಾವುದೇ ಸಾಮಾನಿಗೂ ಒಂದೇ ಡಾಲರ್ ಅಂತ ಮಾರಿ, 2021ರ ಕೊನೆಗೆ ಬೆಲೆಯನ್ನು 1.25 ಮಾಡಿತು. ಬೋರ್ಡು ಬದಲಾಗಲಿಲ್ಲ. ಮಗಳು ಅಲ್ಲಿಂದ ಆರು ಗಾಜಿನ ಬರಣಿ ತಂದಳು, ಅವುಗಳ ಮೇಲೆ "ಬೇಳೆ", "ಬೆಲ್ಲ" ಅಂತ ಅಂಟಿಸಲು. ಗಾಜಿನೊಳಗೆ ಬೆಲ್ಲ ಇರುವುದು ಎಲ್ಲರಿಗೂ ಕಾಣುತ್ತದೆ. ಅಕ್ಕಿಗೆ ಬರಣಿ ಸಾಲಲಿಲ್ಲ, ಇನ್ನೂ ಆರು ಬಂದವು.

ಹಬ್ಬದ ಹಿಂದಿನ ರಾತ್ರಿ ಬಾಗಿಲಿಗೆ "ಸ್ವಾಗತ" ಕತ್ತರಿಸುವ ಕಾರ್ಯಕ್ರಮ. ಇಂಗ್ಲಿಷ್ ಅಕ್ಷರ ಬಹುಪಾಲು ಒಂದೊಂದೂ ಒಂದೇ ತುಂಡು. ನಮ್ಮ ಅಕ್ಷರ ಹಾಗಲ್ಲವಲ್ಲ, ಒತ್ತು ಕೆಳಗೆ ಬೇರೆಯೇ ಕೂತಿರುತ್ತದೆ. ಯಂತ್ರ ಕನ್ನಡ ಕಲಿತದ್ದಲ್ಲ, ಕಂಡಕಂಡಲ್ಲಿ ಕತ್ತರಿಸಿತು. ಹನ್ನೊಂದೂವರೆಗೆ ಅಕ್ಷರಗಳೆಲ್ಲ ಬಿಡಿಬಿಡಿಯಾಗಿ ಮೇಜಿನ ಮೇಲೆ ಬಿದ್ದಿದ್ದವು. ಕನ್ನಡಕ ಹುಡುಕಿ, ಕೊಕ್ಕೆ ಹಿಡಿದು, ಒಂದೊಂದನ್ನೇ ಎತ್ತಿ ಕದಕ್ಕೆ ಅಂಟಿಸಿದೆವು. ನಿದ್ದೆಗಣ್ಣಿನಲ್ಲಿ ಒಂದು ಚೂರು ಕಡಿಮೆಯಾದದ್ದು ಯಾರಿಗೂ ಹೊಳೆಯಲಿಲ್ಲ.

ಬೆಳಿಗ್ಗೆ ಮೊದಲು ಬಂದವರು ಪಕ್ಕದ ಬೀದಿಯ ದಾವಣಗೆರೆಯವರು. ಕೈಯಲ್ಲಿ ಕಡುಬಿನ ಡಬ್ಬಿ ಹಿಡಿದು ಹೊಸ್ತಿಲ ಹೊರಗೇ ನಿಂತುಬಿಟ್ಟರು. "ಏನ್ರೀ ಇದು, ಸಾಗತ ಅಂತ ಐತಿ? ಹಂಗೇ ಸಾಗ್ತಾ ಇರ್ರಿ ಅಂತನೇನು?"

ಒತ್ತು ಮಾರನೆಯ ದಿನ ಸಂಜೆ ಸಿಕ್ಕಿತು. ಅಳಿಯಂದಿರ ಕಾಲುಚೀಲದ ಹಿಮ್ಮಡಿಗೆ ಅಂಟಿಕೊಂಡು ಆಫೀಸಿಗೆ ಹೋಗಿ, ಒಂದು ಮೀಟಿಂಗನ್ನೂ ಮುಗಿಸಿಕೊಂಡು ಬಂದಿತ್ತು.