ಹೆಣ್ಣು ಮರಿ ಯಾರಿಗೂ ಬೇಡವೇಕೆ?

ನಮ್ಮ ಕುಂದಾಪುರದ ಕಡೆ ನಾಯಿಮರಿ ಕೇಳಿಕೊಂಡು ಬಂದವರು ಮೊದಲು ನೋಡುವುದು ಅದು ಗಂಡೋ ಹೆಣ್ಣೋ ಎಂದು. ಗಂಡಾದರೆ ಒಯ್ಯುತ್ತಾರೆ. ಹೆಣ್ಣು ಮರಿಗಳು ಗೋಣಿಚೀಲ ಸೇರಿ ಯಾವುದಾದರೂ ಹೋಟೆಲಿನ ಹಿಂದೆ ಇಳಿಯುತ್ತವೆ. ಬೆಕ್ಕಿನ ಮರಿಗಳಿಗೆ ಮೀನು ಮಾರುಕಟ್ಟೆ. ಬಿಟ್ಟು ಬರುವವರು ಕಟುಕರಲ್ಲ, ಅಲ್ಲಿ ಒಂದು ತುತ್ತಾದರೂ ಸಿಗಲಿ ಎಂದೇ ಆ ಜಾಗ ಹುಡುಕುತ್ತಾರೆ. ಮರಿ ಹಾಕದಂತೆ ಆಪರೇಷನ್ ಮಾಡಿಸಬಾರದೇ ಎಂದು ಅಕ್ಕನನ್ನು ಕೇಳಿದರೆ, "ಖಾಸಗಿ ಡಾಕ್ಟರಿಗೆ ಕೊಡುವ ದುಡ್ಡಿನಲ್ಲಿ ತಿಂಗಳ ದಿನಸಿ ಬರುತ್ತದೆ ಮಾರಾಯ" ಎನ್ನುತ್ತಾಳೆ. ಅವಳಿಗೆ ನಾನು ಏನು ಉಪದೇಶ ಹೇಳಲಿ?

ನಾನಿರುವ ಲಾಸ್ ಏಂಜಲೀಸ್‌ನಲ್ಲಿ ಬಡವರ ಈ ಕಷ್ಟವನ್ನು ನಗರಾಡಳಿತ ತನ್ನ ಕಷ್ಟವೆಂದುಕೊಂಡು 1971ರಲ್ಲೇ ಕಡಿಮೆ ದರದ ಸಂತಾನಹರಣ ಕ್ಲಿನಿಕ್ ತೆರೆಯಿತು. ಕರುಣೆಯೊಂದೇ ಕಾರಣವಾಗಿರಲಿಲ್ಲ. ಆ ದಶಕದಲ್ಲಿ ಅಮೆರಿಕದ ಪ್ರಾಣಿ ಆಶ್ರಯತಾಣಗಳಲ್ಲಿ ವರ್ಷಕ್ಕೆ 1 ಕೋಟಿಗೂ ಹೆಚ್ಚು ನಾಯಿ ಬೆಕ್ಕುಗಳನ್ನು ಸಾಯಿಸುತ್ತಿದ್ದರೆಂದು ಅಂದಾಜಿದೆ. ಈಗ ಅದು 10 ಲಕ್ಷಕ್ಕಿಂತ ಕೆಳಗಿಳಿದಿದೆ. ಆಶ್ರಯತಾಣದಿಂದಲೇ ಪ್ರಾಣಿಗಳನ್ನು ಮನೆಗೊಯ್ಯುವ ರೂಢಿ ಬೆಳೆದದ್ದೂ ಇದಕ್ಕೆ ಕಾರಣ. ಆದರೆ ಬೇಡದ ಮರಿಗಳು ಹುಟ್ಟುವುದೇ ಕಡಿಮೆಯಾಗದಿದ್ದರೆ ಆ ರೂಢಿ ಎಷ್ಟೆಂದು ಹೊತ್ತೀತು?

ಇಂಥ ಕ್ಲಿನಿಕ್ಕಿನ ಮುಂದೆ ಬೆಳಗಿನ ಹೊತ್ತು ನಿಂತು ನೋಡಬೇಕು. ಬಾಗಿಲು ತೆರೆಯುವ ಮೊದಲೇ ಸಾಲು. ಟವೆಲ್ ಹೊದಿಸಿದ ಬುಟ್ಟಿಯೊಳಗೆ ಬೆಕ್ಕು, ಕೆಲಸದ ಬಟ್ಟೆಯಲ್ಲೇ ಬಂದ ಗಾರೆಯವನ ಕೈಯಲ್ಲಿ ದಪ್ಪ ತಲೆಯ ನಾಯಿ. ರಾತ್ರಿ ಊಟ ಹಾಕಿಲ್ಲ ತಾನೇ ಎಂದು ವಿಚಾರಿಸಿ, ತೂಕ ನೋಡಿ ಒಳಗೆ ಕರೆದೊಯ್ಯುತ್ತಾರೆ. ಇದೇ ಕೆಲಸದಲ್ಲಿ ಪಳಗಿದ ವೈದ್ಯರು ದಿನಕ್ಕೆ 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಬಲ್ಲರು. ದರ ಇಳಿಯುವುದು ಹಾಗೆ. ಸಂಜೆ ಮನೆಗೆ ಕಳಿಸುವಾಗ ಬೋಳಿಸಿದ ಹೊಟ್ಟೆಯ ಮೇಲೆ ಸಣ್ಣದೊಂದು ಹಸಿರು ಹಚ್ಚೆಯ ಗೆರೆ ಇರುತ್ತದೆ, ಮುಂದೆ ಯಾರೂ ತಿಳಿಯದೆ ಮತ್ತೊಮ್ಮೆ ಕೊಯ್ಯದಿರಲಿ ಎಂದು. ಕ್ಯಾಲಿಫೋರ್ನಿಯಾದ ಕಾನೂನಿನಂತೆ, ಆಪರೇಷನ್ ಆದ ನಾಯಿಯನ್ನು ಸಾಕುವ ಪರವಾನಗಿಯ ಶುಲ್ಕ, ಆಪರೇಷನ್ ಆಗದ ನಾಯಿಯ ಶುಲ್ಕದ ಅರ್ಧಕ್ಕಿಂತ ಹೆಚ್ಚಿರುವಂತಿಲ್ಲ.

ಹಾಗೆಂದು ಅಮೆರಿಕದ್ದೆಲ್ಲ ನಮಗೆ ಬೇಕಿಲ್ಲ. ಜಾಗ ಸಾಲದೆಂದು ಆರೋಗ್ಯವಾಗಿರುವ ಪ್ರಾಣಿಗೆ ಸೂಜಿ ಚುಚ್ಚಿ ಸಾಯಿಸುವುದು ಇಲ್ಲಿ ಇನ್ನೂ ನಿಂತಿಲ್ಲ. ಆ ವಿಷಯದಲ್ಲಿ ನಮ್ಮವರೇ ಮೇಲು. ಚೆನ್ನೈನ ಪ್ರಾಣಿದಯಾ ಸಂಸ್ಥೆ ಬ್ಲೂ ಕ್ರಾಸ್ 1964ರಲ್ಲೇ ನಾಯಿಗಳನ್ನು ಕೊಲ್ಲುವ ಬದಲು ಸಂತಾನಹರಣ ಮಾಡಿ ಎಂದು ಹೊರಟಿತು. 2001ರಲ್ಲಿ ಕೇಂದ್ರದ ನಿಯಮಗಳೂ ಅದೇ ದಾರಿ ಹಿಡಿದವು. ಬೆಂಗಳೂರಿನ ಬೀದಿಗಳಲ್ಲಿ, ಆಪರೇಷನ್ ಆಗಿದೆಯೆಂದು ಕಿವಿ ಕತ್ತರಿಸಿದ ಗುರುತಿನ ನಾಯಿಗಳು ಎಷ್ಟೊಂದಿವೆ!

ಆದರೆ ಅದೇ ನಿಯಮಗಳು ಸಾಕುನಾಯಿಯ ಸಂತಾನಹರಣವನ್ನು ಯಜಮಾನನ ತಲೆಗೆ ಕಟ್ಟಿ ಕೈತೊಳೆದುಕೊಂಡವು. ಬೀದಿನಾಯಿಗೆ ಸರ್ಕಾರದ ಖರ್ಚು, ಕೂಲಿಯವನ ಮನೆಯ ನಾಯಿಗೆ ಅವನದೇ ಖರ್ಚು. ಆ ಮನೆಯ ಮರಿಯೇ ನಾಳೆಯ ಬೀದಿನಾಯಿ. ನಾಯಿಯ ಗರ್ಭ ಸುಮಾರು 63 ದಿನ. ಬೆಕ್ಕಂತೂ ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗಬಲ್ಲದು. ಒಂದು ಕಡೆ ಹಿಡಿದು ಆಪರೇಷನ್ ಮಾಡುತ್ತಾ ಇನ್ನೊಂದು ಕಡೆ ಗೋಣಿಚೀಲ ಬಿಚ್ಚುತ್ತಿದ್ದರೆ ಲೆಕ್ಕ ಎಂದಿಗೂ ಚುಕ್ತಾ ಆಗದು.

ಆಗದ ಕೆಲಸವಲ್ಲ ಇದು. ಹೋರಿಗೆ ಬೀಜ ಒಡೆಸುವುದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ, ನಾಯಿಗೆ ಮಾಡಿಸಿದರೆ ಪಾಪ ಎನ್ನುವವರಿಗೆ ಇಷ್ಟು ನೆನಪಿಸಿದರೆ ಸಾಕು. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ಕಲಿಯುವವರಿಗೆ ಕೈ ಪಳಗಬೇಕು. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ತಿಂಗಳಿಗೊಂದು ದಿನ ನಿಗದಿ ಮಾಡಿ, ಪಳಗಿದ ವೈದ್ಯರೊಬ್ಬರ ಜೊತೆ ಅವರನ್ನು ಕಳಿಸಲಿ. ಪಡಿತರ ಚೀಟಿ ತೋರಿಸಿದವರಿಗೆ ಉಚಿತವಿರಲಿ, ಉಳಿದವರಿಂದ ಔಷಧಿಯ ಖರ್ಚು ಪಡೆಯಲಿ. ಅದೇ ದಿನ ರೇಬೀಸ್ ಲಸಿಕೆಯೂ ಆಗಿಬಿಡಲಿ. ಮೊದಲ ಸರದಿ ಹೆಣ್ಣು ನಾಯಿ, ಹೆಣ್ಣು ಬೆಕ್ಕುಗಳದ್ದಾಗಲಿ.